ಚೆಲುವಮ್ಮ ಕೊಟ್ಟ ಒಂದು ಸ್ಟಾರ್

ಒಂದು ಕಾಡಿನಲ್ಲಿ ಎಲ್ಲರ ಹತ್ತಿರವೂ ಫೋನಿತ್ತು. ಹೇಗೆ ಬಂತು, ಯಾರು ಕೊಟ್ಟರು ಎಂದು ಕೇಳಬೇಡಿ ಮಕ್ಕಳೇ, ಕೇಳಿದರೆ ಕಥೆ ಮುಂದೆ ಹೋಗುವುದಿಲ್ಲ. ಗುಡ್ಡದ ನೆತ್ತಿಯ ಮೇಲೆ ಒಂದು ಟವರ್ ಇತ್ತು. ಮರ ಹತ್ತುವವರಿಗೆ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಬಿಲದಲ್ಲಿ ಇರುವವರು ಮಾತ್ರ ಆಗಾಗ ಮೂತಿ ಹೊರಗೆ ಹಾಕಬೇಕಾಗುತ್ತಿತ್ತು.

ಫೋನ್ ಇದ್ದ ಮೇಲೆ ಆ್ಯಪ್ ಇರಲೇಬೇಕಲ್ಲ. ಮಳೆ ಯಾವಾಗ ಎಂದು ಹೇಳುವ ಆ್ಯಪ್, ಯಾವ ಮರದಲ್ಲಿ ಹಣ್ಣು ಮಾಗಿದೆ ಎಂದು ತೋರಿಸುವ ಆ್ಯಪ್, ಮರಿ ಅತ್ತರೆ ಲಾಲಿ ಹಾಡುವ ಆ್ಯಪ್. ಬಳಸಿದವರು ಒಂದರಿಂದ ಐದರ ತನಕ ಸ್ಟಾರ್ ಕೊಡಬಹುದಿತ್ತು, ಕೆಳಗೆ ನಾಲ್ಕು ಸಾಲು ರಿವ್ಯೂ ಬರೆಯಬಹುದಿತ್ತು. ಆದರೆ ಆ ಕಾಡಿನವರದು ಬಹಳ ದಾಕ್ಷಿಣ್ಯದ ಸ್ವಭಾವ. ಆ್ಯಪ್ ಮಾಡಿದವರು ಎದುರಿಗೆ ಬಂದು ಹಲ್ಲು ಕಿರಿದು ನಿಂತರೆ ಸಾಕು, ತೆರೆದೂ ನೋಡದೆ ಐದು ಸ್ಟಾರ್ ಒತ್ತಿಬಿಡುತ್ತಿದ್ದರು. ನಮ್ಮಲ್ಲೂ ಅಂಥವರಿದ್ದಾರೆ, ಹೆಸರು ಹೇಳುವುದು ಬೇಡ.

ಹಾಗೆ ಒತ್ತದವಳು ಒಬ್ಬಳೇ, ಮುಳ್ಳುಹಂದಿ ಚೆಲುವಮ್ಮ. ಬಿದಿರು ಮೆಳೆಯ ಪಕ್ಕದ ಬಿಲದಲ್ಲಿ ಒಂಟಿಯಾಗಿದ್ದಳು. ವಯಸ್ಸಾಗಿತ್ತು. ಯಾವ ಆ್ಯಪ್ ಬಂದರೂ ಎಂಟು ದಿನ ತಾನೇ ಬಳಸಿ ನೋಡಿ, ಆಮೇಲೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದಳು. ಮಳೆಯ ಆ್ಯಪ್ ಬಗ್ಗೆ ಅವಳು ಬರೆದದ್ದು ಹೀಗಿತ್ತು: "ಎಂಟು ದಿನದಲ್ಲಿ ಆರು ದಿನ ಮಳೆ ಎಂದಿತು. ಬಂದದ್ದು ಒಂದು ದಿನ, ಅದೂ ಪಕ್ಕದ ಕಾಡಿಗೆ. ಎರಡು ಸ್ಟಾರ್." ಲಾಲಿಯ ಆ್ಯಪ್‌ಗೆ ಮೂರು ಕೊಟ್ಟಳು. ಹಾಡು ಇಂಪಾಗಿದೆ, ಆದರೆ ಮರಿ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಜಾಹೀರಾತು ಕೂಗುತ್ತದೆ ಎಂದು ಬರೆದಳು.

ಅವಳ ರಿವ್ಯೂ ಓದಿ ಎಷ್ಟೋ ಜನ ಪಾರಾಗಿದ್ದರು. ಆದರೆ ಒಬ್ಬರೂ ಅವಳಿಗೆ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಮೈಯೂ ಮುಳ್ಳು, ಮಾತೂ ಮುಳ್ಳು ಎಂದು ಬೆನ್ನ ಹಿಂದೆ ನಗುತ್ತಿದ್ದರು.

ಹೀಗಿರುವಾಗ ನರಿ ಪುಟ್ಟಸ್ವಾಮಿ ಒಂದು ಹೊಸ ಆ್ಯಪ್ ತಂದ. ಹೆಸರು ಗೂಡುಗಾವಲು. ನೆಲದ ಮೇಲೆ ಗೂಡು ಕಟ್ಟುವ ತಾಯಂದಿರಿಗೆ ಅದು ವರ ಎಂದು ಮನೆಮನೆಗೆ ಹೋಗಿ ಹೇಳಿದ. ಗೂಡು ಎಲ್ಲಿದೆ, ಮೊಟ್ಟೆ ಎಷ್ಟಿವೆ ಎಂದು ಅದರಲ್ಲಿ ತುಂಬಬೇಕು. ಹಾವು ಹತ್ತಿರ ಬಂದರೆ ಫೋನ್ ಗಂಟೆ ಬಾರಿಸುತ್ತದೆ, ಯಾವ ಕಡೆ ಓಡಬೇಕು ಎಂದೂ ಹೇಳುತ್ತದೆ. ಹೋದ ಕಡೆಯೆಲ್ಲ ಒಂದು ಬೊಗಸೆ ಬೋರೆಹಣ್ಣು ಕೊಟ್ಟು, ಇಲ್ಲೇ ನನ್ನ ಮುಂದೆಯೇ ಐದು ಸ್ಟಾರ್ ಒತ್ತಿಬಿಡಿ ಎಂದು ಕೈ ಮುಗಿಯುತ್ತಿದ್ದ.

ಚೆಲುವಮ್ಮನ ಬಿಲಕ್ಕೂ ಗೆಣಸು ಹೊತ್ತುಕೊಂಡು ಬಂದ. ಅವಳು ಗೆಣಸನ್ನು ಮೂಸಿಯೂ ನೋಡಲಿಲ್ಲ. ಬಳಸದೆ ಬರೆಯುವವಳು ನಾನಲ್ಲ ಎಂದಳು. ಮೊಟ್ಟೆಯೇ ಇಡದವರು ಏನನ್ನು ಬಳಸಿ ನೋಡುತ್ತೀರಿ ಎಂದು ನಕ್ಕು ಪುಟ್ಟಸ್ವಾಮಿ ಗೆಣಸು ಹೊತ್ತು ವಾಪಸು ಹೋದ. ಅವನ ಮಾತಿನಲ್ಲೂ ಅರ್ಥವಿತ್ತು. ಚೆಲುವಮ್ಮ ಏನನ್ನೂ ಬರೆಯಲಿಲ್ಲ.

ಆ ಆ್ಯಪನ್ನು ಮೊದಲು ಹಾಕಿಸಿಕೊಂಡವಳು ಕಾಡುಕೋಳಿ ಲಕ್ಕಮ್ಮ. ಕಾರೆಗಿಡದ ಬುಡದಲ್ಲಿ ತರಗೆಲೆ ಹಾಸಿಕೊಂಡು ಐದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿದ್ದಳು. ಅವಳು ಮೊಟ್ಟೆ ಇಟ್ಟದ್ದು ಅದೇ ಮೊದಲು. ಒಂದು ಮಧ್ಯಾಹ್ನ ಫೋನು ಗಣಗಣ ಗಂಟೆ ಬಾರಿಸಿತು. ಹೆಬ್ಬಾವು ಬರುತ್ತಿದೆ, ಹಳ್ಳದ ಕಡೆ ಓಡಿ ಎಂದು ಕೂಗಿತು. ಲಕ್ಕಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿದಳು. ತುಸು ಹೊತ್ತು ಬಿಟ್ಟು ನಡುಗುತ್ತಾ ಬಂದು ನೋಡಿದರೆ ಗೂಡು ಬರಿದಾಗಿತ್ತು.

ಅವಳು ಅಳುತ್ತಾ ಕೂತಿದ್ದಾಗ ಪುಟ್ಟಸ್ವಾಮಿ ಬಂದ. ಪಕ್ಕದಲ್ಲಿ ಕೂತು ತಾನೂ ಕಣ್ಣು ಒರೆಸಿಕೊಂಡ. "ಹೋದದ್ದು ಹೋಯ್ತು ಅಕ್ಕಾ. ನಿಮ್ಮ ಜೀವ ಉಳೀತಲ್ಲ, ಅಷ್ಟು ಸಾಕು ನನಗೆ" ಎಂದ. ಲಕ್ಕಮ್ಮನಿಗೆ ಆ ದುಃಖದಲ್ಲೂ ಎದೆ ತುಂಬಿ ಬಂತು. ಅಂದೇ ಫೋನ್ ತೆಗೆದು ಐದು ಸ್ಟಾರ್ ಒತ್ತಿ ಬರೆದಳು: "ಈ ಆ್ಯಪ್ ಇಲ್ಲದಿದ್ದರೆ ನಾನು ಹಾವಿನ ಹೊಟ್ಟೆ ಸೇರುತ್ತಿದ್ದೆ. ಪುಟ್ಟಸ್ವಾಮಿ ಅವರಿಗೆ ಕೋಟಿ ನಮಸ್ಕಾರ."

ಅದನ್ನು ಓದಿ ಇನ್ನೂ ಹದಿನೈದು ತಾಯಂದಿರು ಗೂಡುಗಾವಲು ಹಾಕಿಸಿಕೊಂಡರು. ನವಿಲು ಮಲ್ಲಾಜಮ್ಮ ಹಾಕಿಸಿಕೊಂಡಳು. ವಾರದೊಳಗೆ ಅವಳ ಫೋನೂ ಗಂಟೆ ಬಾರಿಸಿತು, ಅವಳ ಮೂರು ಮೊಟ್ಟೆಗಳೂ ಹೋದವು. ಅವಳೂ ಜೀವ ಉಳಿಯಿತೆಂದು ಐದು ಸ್ಟಾರ್ ಕೊಟ್ಟಳು. ಹೀಗೆ ಒಬ್ಬರಾದ ಮೇಲೆ ಒಬ್ಬರು ಮೊಟ್ಟೆ ಕಳೆದುಕೊಂಡು, ಒಬ್ಬರಿಗಿಂತ ಒಬ್ಬರು ಹೆಚ್ಚಾಗಿ ನರಿಯನ್ನು ಹೊಗಳಿದರು. ಪುಟ್ಟಸ್ವಾಮಿ ದಿನದಿನಕ್ಕೆ ನುಣ್ಣಗಾಗುತ್ತಾ ಬಂದ. ಒಳ್ಳೆಯ ಕೆಲಸ ಮಾಡುವವರ ಮುಖದಲ್ಲಿ ಕಳೆ ಬರುತ್ತದೆ ಎಂದು ಎಲ್ಲರೂ ಅಂದುಕೊಂಡರು. ಪಾಪ.

ಚೆಲುವಮ್ಮ ತನ್ನ ಬಿಲದ ಬಾಯಲ್ಲಿ ಕೂತು ಆ ರಿವ್ಯೂಗಳನ್ನೆಲ್ಲ ಓದಿದಳು. ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಹೊಗಳಿಕೆ ಬೇಕಾದಷ್ಟಿತ್ತು. ಹಾವು ಎಷ್ಟು ಉದ್ದವಿತ್ತು, ಯಾವ ಬಣ್ಣವಿತ್ತು, ಯಾವ ಕಡೆಯಿಂದ ಬಂತು ಎಂದು ಮಾತ್ರ ಒಬ್ಬರೂ ಬರೆದಿರಲಿಲ್ಲ.

ಅಷ್ಟರಲ್ಲಿ ಲಕ್ಕಮ್ಮ ಮತ್ತೆ ಮೊಟ್ಟೆ ಇಟ್ಟಿದ್ದಳು. ಈ ಸಲ ನಾಲ್ಕು. ಆ ನಾಲ್ಕು ಮೊಟ್ಟೆಗಳೇ ಅವಳ ಪ್ರಾಣ. ತಿನ್ನಲು ಕೂಡ ಎದ್ದು ಹೋಗದೆ ಸೊರಗಿದ್ದಳು. ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು, ಗೂಡುಗಾವಲಿನಲ್ಲಿ ನಾಲ್ಕು ಎಂದು ತುಂಬಿಸಿ, ನೆಮ್ಮದಿಯಾಗಿದ್ದಳು. ಚೆಲುವಮ್ಮ ಅವಳನ್ನು ಹುಡುಕಿಕೊಂಡು ಬಂದಳು.

"ಹಾವನ್ನ ನೀನು ಕಣ್ಣಾರೆ ಕಂಡೆಯಾ ಲಕ್ಕಮ್ಮ?"

"ಕಾಣೋ ತನಕ ನಿಂತಿದ್ರೆ ನಾನು ಉಳೀತಿದ್ನಾ ಚೆಲುವತ್ತೆ?"

"ಹಾಗಾದ್ರೆ ಈ ಸಲ ನಾನು ನಿಂತು ನೋಡ್ತೀನಿ. ಗಂಟೆ ಬಾರಿಸಿದರೆ ನೀನು ಓಡು. ನಾನು ಇಲ್ಲೇ ಇರ್ತೀನಿ. ಎಂಟೇ ದಿನ."

ಲಕ್ಕಮ್ಮನಿಗೆ ಸಿಟ್ಟು ಬಂತು. ಜೀವ ಉಳಿಸಿದವನ ಮೇಲೆ ಅನುಮಾನ ಪಡುವುದು ಯಾವ ನ್ಯಾಯ ಎಂದು ಕೇಳಿದಳು. ಯಾರಿಗೇ ಒಳ್ಳೆಯ ಹೆಸರು ಬಂದರೂ ನಿಮಗೆ ಸಹಿಸಲಾಗದು ಎಂದೂ ಅಂದಳು. ಚೆಲುವಮ್ಮ ಎದ್ದು ಹೋಗಲಿಲ್ಲ. ಕೊನೆಗೆ ಲಕ್ಕಮ್ಮ ತನ್ನ ಹೊಟ್ಟೆಯ ಕೆಳಗಿನ ಮೊಟ್ಟೆಗಳನ್ನು ನೋಡಿಕೊಂಡಳು. ಪಕ್ಕದಲ್ಲಿ ಒಬ್ಬರಿದ್ದರೆ ಕೆಡುವುದೇನು ಎಂದು ಒಪ್ಪಿದಳು.

ಚೆಲುವಮ್ಮ ಗೂಡಿನ ಹಿಂದೆ ಒಣಹುಲ್ಲಿನಲ್ಲಿ ಹುದುಗಿ ಕೂತಳು. ಹಗಲು ಅವಳಿಗೆ ನಿದ್ದೆಯ ಹೊತ್ತು. ಆದರೂ ರೆಪ್ಪೆಗೆ ರೆಪ್ಪೆ ಅಂಟಿಸಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆಯಾಗಿತ್ತು. ಹೆಬ್ಬಾವು ನಿಜವಾಗಿಯೇ ಬಂದರೆ? ಅದು ಮುಳ್ಳುಹಂದಿಯನ್ನು ನುಂಗಿದ್ದನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು. ಆದರೂ ಬಳಸಿ ನೋಡದೆ ಬರೆಯುವುದು ಅವಳ ಕೈಲಿ ಆಗದ ಕೆಲಸ. ಬರೆಯದೆ ಬಿಡೋಣವೆಂದರೆ ಆ ನಾಲ್ಕು ಮೊಟ್ಟೆಗಳು ಕಣ್ಣ ಮುಂದೆಯೇ ಇದ್ದವು.

ಏಳು ದಿನ ಏನೂ ಆಗಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಫೋನು ಗಣಗಣ ಗಂಟೆ ಬಾರಿಸಿತು. ಹೆಬ್ಬಾವು ಬರುತ್ತಿದೆ, ಹಳ್ಳದ ಕಡೆ ಓಡಿ ಎಂದು ಕೂಗಿತು. ಲಕ್ಕಮ್ಮ ರೆಕ್ಕೆ ಬಡಿದು ಓಡಿದಳು. ಚೆಲುವಮ್ಮ ಮೆಲ್ಲನೆ ಮುಂದೆ ಬಂದು, ಮೊಟ್ಟೆಗಳನ್ನು ಮುಖದ ಕಡೆ ಇಟ್ಟುಕೊಂಡು, ದಾರಿಯ ಕಡೆಗೆ ಬೆನ್ನು ತಿರುಗಿಸಿ ಕೂತಳು.

ತರಗೆಲೆ ಸರಸರ ಎಂದಿತು. ಹಾವು ಹರಿಯುವ ಸದ್ದು ಹಾಗಿರುವುದಿಲ್ಲ. ಅದು ಹೆಜ್ಜೆಯ ಸದ್ದು. ಯಾರೋ ಮೆಲ್ಲಗೆ ಹಾಡು ಗುನುಗುತ್ತಾ ಬರುತ್ತಿದ್ದರು. ಬಂದವನು ಗಿಡದ ಬುಡಕ್ಕೆ ಆತುರದಿಂದ ಮೂತಿ ತೂರಿಸಿದ. ಗಿಡದ ನೆರಳಿಗೆ ಬೆರೆತಿದ್ದ ಬೆನ್ನನ್ನು ಅವನು ಗಮನಿಸಲಿಲ್ಲ, ಅವನ ಜೀವವೆಲ್ಲ ನಾಲಿಗೆಯ ಮೇಲಿತ್ತು. ಚೆಲುವಮ್ಮ ಮುಳ್ಳುಗಳನ್ನೆಲ್ಲ ನಿಮಿರಿಸಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ಒಂದೇ ಹೆಜ್ಜೆ.

ಆ ಕಿರುಚಾಟ ಹಳ್ಳದ ಆಚೆಯವರೆಗೂ ಕೇಳಿಸಿತು. ಲಕ್ಕಮ್ಮ ಓಡಿ ಬಂದಳು, ಮಲ್ಲಾಜಮ್ಮ ಓಡಿ ಬಂದಳು, ಅಕ್ಕಪಕ್ಕದ ತಾಯಂದಿರೆಲ್ಲ ಬಂದರು. ಪುಟ್ಟಸ್ವಾಮಿ ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡು ನೆಲದ ಮೇಲೆ ಹೊರಳುತ್ತಿದ್ದ. ಜಾರಿ ಮುಳ್ಳಿನ ಪೊದೆಗೆ ಬಿದ್ದೆ ಎಂದು ಗೊಣಗಿದ. ಕಪ್ಪು ಬಿಳಿ ಪಟ್ಟೆಯ ಮುಳ್ಳು ಬಿಡುವ ಪೊದೆ ಆ ಕಾಡಿನಲ್ಲಿ ಒಂದೂ ಇರಲಿಲ್ಲ.

ಅವನ ಫೋನು ಗೂಡಿನ ಪಕ್ಕದಲ್ಲೇ ಬಿದ್ದಿತ್ತು, ಪರದೆ ಇನ್ನೂ ಬೆಳಗುತ್ತಿತ್ತು. ಲಕ್ಕಮ್ಮ ಬಗ್ಗಿ ನೋಡಿದಳು. ಹದಿನಾರು ತಾಯಂದಿರ ಹೆಸರು, ಪ್ರತಿ ಹೆಸರಿನ ಮುಂದೆ ಗೂಡಿನ ಜಾಗ, ಮೊಟ್ಟೆಯ ಲೆಕ್ಕ, ಕೊನೆಯಲ್ಲಿ ಗಂಟೆ ಬಾರಿಸುವ ಒಂದು ಗುಂಡಿ. ಅವಳ ಹೆಸರು ಎರಡು ಸಲ ಇತ್ತು. "ಲಕ್ಕಮ್ಮ, ಕಾರೆಗಿಡ, ನಾಲ್ಕು." ಅದರ ಮೇಲೆ ಹಳೆಯ ಸಾಲು: "ಲಕ್ಕಮ್ಮ, ಕಾರೆಗಿಡ, ಐದು. ತಿಂದಾಯಿತು."

ಲಕ್ಕಮ್ಮ ಆ ಒಂದು ಪದವನ್ನು ನೋಡುತ್ತಾ ನಿಂತಳು. ಯಾರಿಗೆ ತಾನು ಕೋಟಿ ನಮಸ್ಕಾರ ಹೇಳಿದ್ದಳೋ ಅವನೇ ತನ್ನ ಐದು ಮೊಟ್ಟೆಗಳನ್ನು ತಿಂದು ಬಾಯಿ ಒರೆಸಿಕೊಂಡು ಬಂದು, ತನ್ನ ಪಕ್ಕದಲ್ಲೇ ಕೂತು ಅತ್ತಿದ್ದ. ಅವಳಿಗೆ ಅಳುವೂ ಬರಲಿಲ್ಲ.

ಎಲ್ಲರೂ ಸೇರಿ ಪುಟ್ಟಸ್ವಾಮಿಯನ್ನು ಕಾಡಿನ ಅಂಚಿನ ತನಕ ಅಟ್ಟಿದರು. ಮೂತಿಯ ಮುಳ್ಳು ಕೀಳಿ ಎಂದು ಅವನು ಹೋದ ಕಡೆಯೆಲ್ಲ ಬೇಡಿದ. ಯಾರೂ ಮುಂದೆ ಬರಲಿಲ್ಲ. ನಯವಾಗಿ ಮಾತಾಡುತ್ತಿದ್ದ ಆ ಬಾಯಿ ಬಹಳ ದಿನ ತೆರೆಯಲೂ ಆಗದೆ ಊದಿಕೊಂಡಿತ್ತು ಎಂದು ಅತ್ತಲಿಂದ ಬಂದವರು ಹೇಳಿದರು. ಅವನು ಮತ್ತೆ ಆ ಕಾಡಿಗೆ ಕಾಲಿಡಲಿಲ್ಲ.

ಅಂದು ಸಂಜೆ ಚೆಲುವಮ್ಮ ಬರೆದಳು: "ಗೂಡುಗಾವಲು. ಎಂಟು ದಿನ ಬಳಸಿ ನೋಡಿದೆ. ಎಂಟನೆಯ ದಿನ ಗಂಟೆ ಬಾರಿಸಿತು. ಹಾವು ಬರಲಿಲ್ಲ. ಆ್ಯಪ್ ಮಾಡಿದವನೇ ಬಂದ. ಒಂದು ಸ್ಟಾರ್. ಸೊನ್ನೆ ಕೊಡಲು ಇಲ್ಲಿ ಜಾಗವಿಲ್ಲ."

ಮರುದಿನ ಲಕ್ಕಮ್ಮ ಅವಳ ಕಾಲಿಗೆ ಬೀಳಲು ಬಂದಳು. ಚೆಲುವಮ್ಮ ಬೀಳಗೊಡಲಿಲ್ಲ. "ನನಗೆ ಏನೂ ಹೇಳಬೇಡ. ನಿನ್ನ ಸ್ಟಾರ್ ನೋಡಿ ನಂಬಿದವರಿದ್ದಾರಲ್ಲ, ಅವರ ಹತ್ತಿರ ಹೋಗು" ಎಂದಳು.

ಮಾತು ಮುಳ್ಳಿನ ಹಾಗೇ ಇತ್ತು. ಆದರೆ ಅದು ಸರಿ ಎಂದು ಲಕ್ಕಮ್ಮನಿಗೆ ಗೊತ್ತಿತ್ತು. ನೆರೆಯ ಗೌಜಲಹಕ್ಕಿಯನ್ನು ಮೊಟ್ಟೆಗಳ ಹತ್ತಿರ ಕೂರಿಸಿ, ಅವಳು ಮಲ್ಲಾಜಮ್ಮನ ಮನೆಗೆ ಹೋದಳು. ತಲೆ ತಗ್ಗಿಸಿ ನಿಂತು, "ನಾನು ಏನನ್ನೂ ನೋಡದೆ ಬರೆದೆ ಅಕ್ಕಾ. ನನ್ನನ್ನ ನಂಬಿ ನೀವು ಮೂರು ಮಕ್ಕಳನ್ನ ಕಳಕೊಂಡ್ರಿ" ಎಂದಳು.

ಮಲ್ಲಾಜಮ್ಮ ತನ್ನ ಬರಿದಾದ ಗೂಡನ್ನು ನೋಡಿದಳು. ಆಮೇಲೆ ಎದ್ದಳು. "ನಾನೂ ಬರೆದೆ ಕಣೆ. ನನ್ನದನ್ನ ನೋಡಿ ಹಳ್ಳದ ಆಚೆಯವಳು ಹಾಕಿಸಿಕೊಂಡಳು. ನಡಿ, ಇಬ್ಬರೂ ಹೋಗೋಣ" ಎಂದಳು.

ಇಬ್ಬರು ಮೂವರಾದರು, ಮೂವರು ಆರಾದರು. ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಹೋಗಿ, ತಪ್ಪನ್ನು ತಪ್ಪು ಎಂದು ಬಾಯಿ ಬಿಟ್ಟು ಹೇಳಿದರು. ಹಳೆಯ ಐದು ಸ್ಟಾರ್‌ಗಳನ್ನೆಲ್ಲ ಅಳಿಸಿದರು. ನಾನು ನೋಡಿದ ಹಾಗೆ, ತಪ್ಪು ಬರೆದವರು ಬಹಳ ಇದ್ದಾರೆ, ಹೋಗಿ ಹೇಳಿ ಬಂದವರು ಕಡಿಮೆ. ಆ ತಾಯಂದಿರು ದೊಡ್ಡವರು.

ಕೆಲವು ದಿನ ಕಳೆದ ಮೇಲೆ ನಾಲ್ಕು ಮೊಟ್ಟೆಗಳೂ ಒಡೆದವು. ಮರಿಗಳಿಗೆ ಕಾಲು ಗಟ್ಟಿಯಾದ ದಿನವೇ ಲಕ್ಕಮ್ಮ ಅವನ್ನು ಕರೆದುಕೊಂಡು ಬಿದಿರು ಮೆಳೆಯ ಕಡೆ ಹೊರಟಳು. ದಾರಿಯಲ್ಲಿ ಮಲ್ಲಾಜಮ್ಮ ಸೇರಿಕೊಂಡಳು, ಉಳಿದವರೂ ಸೇರಿಕೊಂಡರು. ಚೆಲುವಮ್ಮನ ಬಿಲದ ಮುಂದೆ ಹದಿನಾರು ತಾಯಂದಿರು ನಿಂತರು. ಅವಳ ಮನೆ ಬಾಗಿಲಿಗೆ ಅಷ್ಟು ಜನ ಯಾವತ್ತೂ ಬಂದಿರಲಿಲ್ಲ.

"ಚೆಲುವತ್ತೆ, ನೀವು ಅವತ್ತು ಅಲ್ಲಿ ಕೂತು ನೋಡದೆ ಇದ್ದಿದ್ರೆ ಇವು ಇರ್ತಿರಲಿಲ್ಲ. ನಿಮ್ಮ ಉಪಕಾರ ನಾವು ಯಾರೂ ಮರೆಯೋದಿಲ್ಲ" ಎಂದಳು ಲಕ್ಕಮ್ಮ.

ಚೆಲುವಮ್ಮನಿಗೆ ಹೊಗಳಿಸಿಕೊಂಡು ಅಭ್ಯಾಸವಿರಲಿಲ್ಲ, ಕಣ್ಣು ತುಂಬಿತು. ಮರಿಗಳು ಅವಳ ಹತ್ತಿರ ಹೋಗಲು ಹೆದರಿ ತಾಯಿಯ ಕಾಲಿನ ನಡುವೆ ಅವಿತುಕೊಂಡಿದ್ದವು. ಅವಳು ಮೈಮೇಲಿನ ಮುಳ್ಳುಗಳನ್ನೆಲ್ಲ ಮೆಲ್ಲಗೆ ಹಿಂದಕ್ಕೆ ಮಲಗಿಸಿದಳು. ಒಂದೂ ನಿಮಿರದ ಹಾಗೆ ಉಸಿರು ಹಿಡಿದು ನೆಲಕ್ಕೆ ಕೂತು, "ಬನ್ನಿ" ಎಂದಳು. ನಾಲ್ಕೂ ಮರಿಗಳು ಬಂದವು.

ನೀತಿ: ಬಳಸಿ ನೋಡದೆ ಯಾವುದನ್ನೂ ಹೊಗಳಬಾರದು, ನಮ್ಮ ಮಾತನ್ನು ನಂಬಿ ನಡೆಯುವವರು ಇರುತ್ತಾರೆ. ಕಷ್ಟಪಟ್ಟು ನೋಡಿ ನಿಜ ಹೇಳುವವರ ಮಾತು ಚುಚ್ಚಿದರೂ ಅವರ ಉಪಕಾರವನ್ನು ನೆನೆಯಬೇಕು.