ಹಲಗೆಯ ಅಡಿಯ ಎರಡು ಪಟ್ಟಿ

ಹೊಳೆ ಸಮುದ್ರ ಸೇರುವ ಅಳಿವೆಯ ಬಳಿ ಒಂದು ಆಶ್ರಮವಿತ್ತು. ನಾಲ್ಕು ಗುಡಿಸಲು, ಒಂದು ಬಾವಿ. ಅಷ್ಟೇ.

ಅಲ್ಲಿಯ ಗುರು ಜಟ್ಟಪ್ಪ. ಮೊದಲು ಮೀನು ಹಿಡಿಯುತ್ತಿದ್ದವರು. ಹಲಗೆಯ ಮೇಲೆ ಎದೆಯೂರಿ ಮಲಗಿ ಅಲೆಯೊಡನೆ ದಡಕ್ಕೆ ಬರುವುದನ್ನು ಕಲಿಸುತ್ತಿದ್ದರು. ಕಲಿತವರಿಗೆ ಒಂದೇ ಕೆಲಸ. ಅಳಿವೆಯಲ್ಲಿ ದೋಣಿ ಮಗುಚಿದರೆ ಹೋಗಿ ಜನರನ್ನು ಎಳೆದು ತರುವುದು.

ಎಲ್ಲರೂ ಭಾಗಿ ಎನ್ನುತ್ತಿದ್ದ ಭಾಗೀರಥಿ ಅವರ ಬಳಿ ಬಂದಾಗ ಅವಳಿಗೆ ಇಪ್ಪತ್ತೆಂಟು ವರ್ಷ. ಆಚಾರಿಗಳ ಮನೆಯ ಮಗಳು, ಉಳಿ ಹಿಡಿದೇ ಬೆಳೆದವಳು. ಹಿಂದಿನ ವರ್ಷ ಇದೇ ಅಳಿವೆಯಲ್ಲಿ ಅವಳ ಅತ್ತಿಗೆ ಮುಳುಗಿದ್ದಳು. ಭಾಗೀರಥಿ ದಡದಲ್ಲಿ ನಿಂತು ನೋಡಿದ್ದಳು.

"ಈಜು ಬರುತ್ತದೆಯೇ?" ಎಂದು ಗುರು ಕೇಳಿದರು.

"ಬರುತ್ತದೆ. ಅವತ್ತೂ ಬರುತ್ತಿತ್ತು."

ಗುರು ಅವಳಿಗೆ ಒಂದು ಗುಡಿಸಲು ತೋರಿಸಿದರು.

ಅವಳು ಬೂರುಗದ ಮರ ತಂದು ತನ್ನ ಹಲಗೆ ತಾನೇ ಮಾಡಿಕೊಂಡಳು. ಹಗುರವಾಗಿತ್ತು, ನುಣುಪಾಗಿತ್ತು. ಆದರೆ ಅಲೆ ಹಿಂದಿನಿಂದ ಎತ್ತಿದ ಕೂಡಲೇ ಅದರ ಬಾಲ ಪಕ್ಕಕ್ಕೆ ಜಾರುತ್ತಿತ್ತು. ಹಲಗೆ ಅಡ್ಡ ತಿರುಗಿ ಅವಳನ್ನು ನೀರಿಗೆ ಕೆಡವುತ್ತಿತ್ತು.

ಒಂದು ತಿಂಗಳು ಬಿದ್ದ ಮೇಲೆ ಅವಳು ಗುರುವಿನ ಬಳಿ ಹೋದಳು.

"ಗುರುಗಳೇ, ಹಲಗೆ ನನ್ನ ಮಾತು ಕೇಳುವುದಿಲ್ಲ."

"ಅದಕ್ಕೆ ನೀನು ಏನು ಹೇಳಿದೆ?"

"ನೇರ ಹೋಗು ಅಂತ."

"ನೇರ ಅಂದರೆ ಯಾವ ಕಡೆ?"

ಅವಳು ದಡದ ಕಡೆ ಕೈ ತೋರಿಸಿದಳು. ಗುರು ಆ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಗಂಜಿ ಕುಡಿಯಲು ಹೋದರು.

ಭಾಗಿ ಅಲ್ಲೇ ನಿಂತಿದ್ದಳು. ತಾನು ತೋರಿಸಿದ ದಿಕ್ಕು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ.

ಸಂಜೆ ಅವಳು ಎರಡು ತೆಳು ಮರದ ಪಟ್ಟಿ ಕೊಯ್ದು ಹಲಗೆಯ ಅಡಿಗೆ, ಬಾಲದ ಹತ್ತಿರ, ನೆಟ್ಟಗೆ ಕೂರಿಸಿದಳು. ಮೀನಿಗೆ ರೆಕ್ಕೆ ಇದ್ದ ಹಾಗೆ.

ಮರುದಿನ ಬಾಲ ಜಾರಲಿಲ್ಲ. ಹಲಗೆ ದಾರ ಎಳೆದಂತೆ ನೇರ ಹೋಯಿತು. ಎಷ್ಟು ನೇರವೆಂದರೆ, ಎದುರಿಗೆ ಬಂಡೆ ಕಂಡಾಗಲೂ ತಿರುಗಲಿಲ್ಲ. ಭಾಗಿಯ ಭುಜ ತರಚಿ ರಕ್ತ ಬಂತು.

ಗುರು ಹಲಗೆಯನ್ನು ಬೋರಲು ಹಾಕಿ ಪಟ್ಟಿಗಳ ಮೇಲೆ ಬೆರಳಾಡಿಸಿದರು.

"ಒಳ್ಳೆಯ ಕೆಲಸ."

"ಇವನ್ನು ತೆಗೆದುಬಿಡಲೆ?"

"ತೆಗಿ ಅಂತ ನಾನು ಹೇಳಿದೆನೆ?"

"ಹಾಗಾದರೆ ಇರಲೆ?"

"ಇರಲಿ ಅಂತಲೂ ಹೇಳಲಿಲ್ಲ."

ಭಾಗಿ ಪಟ್ಟಿಗಳನ್ನು ಅರ್ಧ ಕೆತ್ತಿ ಗಿಡ್ಡ ಮಾಡಿದಳು. ಈಗ ಹಲಗೆ ನೇರವೂ ಹೋಗುತ್ತಿತ್ತು, ಒರಗಿದರೆ ತಿರುಗುತ್ತಲೂ ಇತ್ತು. ಆದರೆ ಮೂತಿ ನೀರಿಗೆ ಚುಚ್ಚಿಕೊಂಡು ಅವಳು ತಲೆಕೆಳಗಾಗುತ್ತಿದ್ದಳು.

ಗುರು ಮರಳಿನ ಮೇಲೆ ಹಲಗೆ ಇಡಿಸಿ ಅವಳನ್ನು ಮಲಗಿಸಿದರು. ಪಾದದಿಂದ ಅವಳ ಹಿಮ್ಮಡಿ ಮುಟ್ಟಿ, "ಇನ್ನೂ ಹಿಂದೆ ಬಾ," ಎಂದರು.

ಅವಳು ಹಿಂದೆ ಸರಿದಳು. ಆ ದಿನ ಬೀಳಲಿಲ್ಲ. ಎದೆ ಎಲ್ಲಿ ಊರಿತ್ತೋ ಅಲ್ಲಿ ಉಳಿಯಿಂದ ಒಂದು ಗೀಟು ಹಾಕಿಕೊಂಡಳು.

ಮರುದಿನ ಆ ಗೀಟಿಗೆ ಸರಿಯಾಗಿ ಮಲಗಿದಳು. ಅಲೆ ಅವಳನ್ನು ಬಿಟ್ಟು ಮುಂದೆ ಹೋಯಿತು. ಮತ್ತೊಂದೂ ಹಾಗೆಯೇ ಹೋಯಿತು.

"ಮುಂದೆ ಬಾ," ಎಂದು ಗುರು ದಡದಿಂದ ಕೂಗಿದರು.

"ನಿನ್ನೆ ಹಿಂದೆ ಅಂದಿರಿ."

"ಹೌದು, ಅಂದೆ."

ಅವಳು ಇನ್ನೊಂದು ಗೀಟು ಹಾಕಿದಳು. ತಿಂಗಳು ಮುಗಿಯುವಷ್ಟರಲ್ಲಿ ಗೀಟು ಏಳಾದವು. ಯಾವ ದಿನ ಯಾವ ಗೀಟು ಎಂಬುದು ಮಾತ್ರ ತಿಳಿಯಲಿಲ್ಲ.

ಆಶ್ರಮದಲ್ಲಿ ಗಣಪಯ್ಯ ಎಂಬ ಇನ್ನೊಬ್ಬ ಶಿಷ್ಯರಿದ್ದರು. ಐವತ್ತು ದಾಟಿದವರು, ದಪ್ಪ ಆಳು, ಎಲ್ಲರಿಗೂ ಅಡುಗೆ ಮಾಡಿ ಹಾಕುತ್ತಿದ್ದವರು. ಅವರ ಹಲಗೆ ಒಡೆದ ದೋಣಿಯಿಂದ ಕಿತ್ತದ್ದು. ಸೊಟ್ಟಗಿತ್ತು, ಒಂದು ಬದಿ ಭಾರವಾಗಿತ್ತು. ಅದರ ಮೇಲೆ ಅವರು ಬಿದ್ದದ್ದನ್ನು ಭಾಗಿ ಒಮ್ಮೆಯೂ ನೋಡಿರಲಿಲ್ಲ.

"ಗಣಪಣ್ಣ, ಒಂದು ದಿನ ಬದಲಾಯಿಸಿಕೊಳ್ಳೋಣವೇ?"

"ತಕೋ ಮಾರಾಯ್ತಿ."

ಗಣಪಯ್ಯ ಅವಳ ಹಲಗೆಯಲ್ಲಿ ಬೆಣ್ಣೆಯಂತೆ ಬಂದರು. ಭಾಗಿ ಅವರ ಹಲಗೆಯಿಂದ ಹನ್ನೊಂದು ಸಲ ಬಿದ್ದಳು.

ಮೂಗಿನಿಂದ ಉಪ್ಪುನೀರು ಸುರಿಯುತ್ತಿದ್ದ ಹಾಗೆಯೇ ಅವಳು ಗುರುವಿನ ಎದುರು ಬಂದು ಕೂತಳು.

"ಈಗ ಅರ್ಥವಾಯಿತು. ಹಲಗೆಯಲ್ಲಿ ಏನೂ ಇಲ್ಲ. ತಪ್ಪು ನನ್ನದೇ."

"ಹಾಗಂತ ಯಾರು ಹೇಳಿದರು?"

"ಗಣಪಣ್ಣ ಎರಡರಲ್ಲೂ ಬರುತ್ತಾರೆ."

ಗುರು ಅಡುಗೆಮನೆಯ ಕಡೆ ತಿರುಗಿದರು. "ಗಣಪಾ, ಯಾವ ಹಲಗೆ ಒಳ್ಳೆಯದು?"

"ಭಾಗಿಯದು. ಕೇಳಬೇಕಾ?" ಎಂದರು ಗಣಪಯ್ಯ ಒಳಗಿನಿಂದ.

ಮರುದಿನ ಬೆಳಗ್ಗೆ ಭಾಗಿಯ ಹಲಗೆ ಅದರ ಜಾಗದಲ್ಲಿರಲಿಲ್ಲ. ಗುರು ಅದನ್ನು ತಮ್ಮ ಗುಡಿಸಲಿನ ಗೋಡೆಗೆ ಒರಗಿಸಿಕೊಂಡಿದ್ದರು.

"ಅದು ನನ್ನದು, ಗುರುಗಳೇ."

"ಗೊತ್ತು. ಚೆನ್ನಾಗಿದೆ. ಸ್ವಲ್ಪ ದಿನ ನನ್ನ ಹತ್ತಿರ ಇರಲಿ."

"ನಾನು ಯಾವುದರಲ್ಲಿ ಕಲಿಯಲಿ?"

ಗುರು ಬಲೆಯ ತೂತು ಹೊಲಿಯುತ್ತ ಕೂತರು.

ಭಾಗಿಗೆ ಅಳು ಬಂತು. ಅಳುವಷ್ಟು ಏನಾಯಿತು ಎಂಬುದೂ ಅವಳಿಗೆ ತಿಳಿಯಲಿಲ್ಲ. ಊರಿಗೆ ಹೋಗಿಬಿಡೋಣ ಎಂದುಕೊಂಡು ಬಟ್ಟೆಯ ಗಂಟು ಕಟ್ಟಿದಳು.

ಗಂಟು ಹಿಡಿದು ಹೊರಗೆ ಬಂದಾಗ ಅಳಿವೆಯ ಕಡೆಯಿಂದ ಕೂಗು ಕೇಳಿಸಿತು.

ಚಿಪ್ಪು ಹೆಕ್ಕಲು ಆಚೆ ದಡಕ್ಕೆ ಹೊರಟಿದ್ದ ಸಣ್ಣ ದೋಣಿ ಅಲೆಗೆ ಅಡ್ಡ ಸಿಕ್ಕಿ ಮಗುಚಿತ್ತು. ನೀರಿನಲ್ಲಿ ಮೂರು ತಲೆ ಕಾಣುತ್ತಿದ್ದವು. ಎರಡು ಸಣ್ಣವು ಒಂದರ ಪಕ್ಕ ಒಂದು. ಇನ್ನೊಂದು ದೂರದಲ್ಲಿ, ಸಮುದ್ರದ ಕಡೆ ಹೋಗುತ್ತಿತ್ತು.

ಗಣಪಯ್ಯ ಬೆಳಗ್ಗೆಯೇ ಪೇಟೆಗೆ ಹೋಗಿದ್ದರು. ಎಪ್ಪತ್ತು ದಾಟಿದ ಗುರು ಭಾಗಿಯ ಹಲಗೆ ಹೊತ್ತು ನೀರಿಗೆ ಓಡಿದರು. ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಅತ್ತಿಗೆ ಮುಳುಗಿದ ದಿನ ನಿಂತಿದ್ದ ಹಾಗೆಯೇ ಭಾಗಿ ನಿಂತಿದ್ದಳು. ಆಮೇಲೆ ಗಂಟು ಕೆಳಗೆ ಬಿತ್ತು. ಕೈಗೆ ಸಿಕ್ಕಿದ್ದು ಗಣಪಯ್ಯನವರ ಸೊಟ್ಟ ಹಲಗೆ.

ಹೊಳೆಯ ಸೆಳೆತವೇ ಅವಳನ್ನು ದೂರದ ತಲೆಯ ಹತ್ತಿರ ಒಯ್ದಿತು. ನಡುವಯಸ್ಸಿನ ಹೆಂಗಸು. ಹಲಗೆ ಕಂಡದ್ದೇ ಅವಳು ಭಾಗಿಯ ಮೈಮೇಲೆ ಹತ್ತಿಬಿದ್ದಳು. ಹಲಗೆ ಮಗುಚಿತು. ಇಬ್ಬರೂ ಅಡಿಗೆ ಹೋದರು.

ಮೇಲೆ ಬಂದಾಗ ಭಾಗಿಯ ಒಂದು ಕೈಯಲ್ಲಿ ಹಲಗೆ, ಇನ್ನೊಂದು ಕೈಯಲ್ಲಿ ಆ ಹೆಂಗಸಿನ ಜಡೆ ಇತ್ತು.

"ನಿಮ್ಮ ಹೆಸರೇನು?"

ಹೆಂಗಸು ಕೆಮ್ಮುತ್ತಿದ್ದಳು.

"ಅಕ್ಕಾ, ಹೆಸರು ಹೇಳಿ."

"ಹೊನ್ನಿ."

"ಹೊನ್ನಕ್ಕ, ಎದೆ ಕೆಳಗೆ ಮಾಡಿ ಮಲಗಿ. ನನ್ನ ಕೈ ಬಿಡಿ. ಹಲಗೆ ಹಿಡಿಯಿರಿ."

ಭಾಗಿ ಅವಳ ಬೆನ್ನಿನ ಮೇಲೆ ಅರ್ಧ ಮಲಗಿ, ಕಾಲು ನೀರಿನಲ್ಲಿ ಬಿಟ್ಟಳು. ಹಿಂದೆ ಅಲೆ ಏಳುವುದು ಕೇಳಿಸಿತು.

ಅದು ಇಬ್ಬರನ್ನೂ ಎತ್ತಿತು.

ಹಲಗೆ ಮರಳಿಗೆ ತಾಗಿದಾಗಲೂ ಭಾಗಿ ಕಾಲು ಬಡಿಯುತ್ತಲೇ ಇದ್ದಳು. ಹೊನ್ನಿಯೇ, "ಸಾಕು ತಂಗೀ, ಬಂದೆವು," ಎಂದಳು.

ಗುರು ಆಗಲೇ ದಡದಲ್ಲಿದ್ದರು. ಎರಡು ಮಕ್ಕಳನ್ನು ಕವುಚಿ ಮಲಗಿಸಿ ಬೆನ್ನು ತಟ್ಟುತ್ತಿದ್ದರು. ಮಕ್ಕಳು ನೀರು ಕಾರಿ ಅಳಲು ಶುರುಮಾಡಿದವು. ಹೊನ್ನಿ ಮಂಡಿಯೂರಿಕೊಂಡೇ ಅವುಗಳ ಕಡೆ ಹೋದಳು. ಅವು ಅವಳ ಮಕ್ಕಳು.

ಊರಿನವರು ಬಂದು ಅವರನ್ನು ಕರೆದುಕೊಂಡು ಹೋದರು. ದಡದಲ್ಲಿ ಗುರು, ಭಾಗಿ, ಎರಡು ಹಲಗೆ ಉಳಿದವು.

ಭಾಗಿ ಸೊಟ್ಟ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಇದರಲ್ಲಿ ನಾನು ಒಬ್ಬಳೇ ಬರಲು ಆಗಿರಲಿಲ್ಲ. ಇಬ್ಬರು ಹೇಗೆ ಬಂದೆವು?"

"ನನಗೇನು ಗೊತ್ತು? ನಾನು ಮಕ್ಕಳನ್ನು ನೋಡುತ್ತಿದ್ದೆ."

"ಹಿಂದೆ ಸರಿದೆನೋ ಮುಂದೆ ಸರಿದೆನೋ ನೆನಪಿಲ್ಲ. ಯಾವ ಕಡೆ ಒರಗಿದೆನೋ ಅದೂ ಇಲ್ಲ. ಬರುತ್ತ ಹೊನ್ನಕ್ಕನಿಗೆ ಎಷ್ಟು ಮಕ್ಕಳು ಅಂತ ಕೇಳಿದ್ದು ನೆನಪಿದೆ. ಅಷ್ಟೇ."

ಗುರು ತಲೆಯ ನೀರು ಕೊಡವಿಕೊಂಡರು.

"ಅಂದರೆ ನಾನು ಮಾಡಿದ ಪಟ್ಟಿ, ಗೀಟು, ಎಲ್ಲ ವ್ಯರ್ಥವೇ?"

ಗುರು ಅವಳ ಹಲಗೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡರು. ಗಿಡ್ಡ ಪಟ್ಟಿಗಳ ಮೇಲಿನ ಮರಳನ್ನು ಅಂಗೈಯಿಂದ ಒರೆಸಿದರು.

"ಎರಡು ಮಕ್ಕಳ ಭಾರಕ್ಕೆ ಬಾಲ ಜಾರಲು ನೋಡಿತು. ಇವು ಹಿಡಿದುಕೊಂಡವು. ಇಲ್ಲದಿದ್ದರೆ ಈ ವಯಸ್ಸಿನಲ್ಲಿ ನನ್ನ ಕೈಲಿ ಆಗುತ್ತಿರಲಿಲ್ಲ."

"ಹಾಗಾದರೆ ಹಲಗೆಯೇ ಮುಖ್ಯ."

"ನನಗೆ ಇವತ್ತು ಮುಖ್ಯವಾಯಿತು."

"ನನಗೆ?"

"ನೀನು ಆ ಕಟ್ಟಿಗೆಯಲ್ಲಿ ಬಂದೆಯಲ್ಲ."

ಭಾಗಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

"ಗುರುಗಳೇ, ನನಗೆ ಏನೂ ಅರ್ಥವಾಗುತ್ತಿಲ್ಲ. ಹೇಗೆ ಮಾಡಿದೆ ಅಂತಲೇ ಗೊತ್ತಿಲ್ಲದಿದ್ದರೆ, ನಾಳೆ ಇನ್ನೊಂದು ದೋಣಿ ಮಗುಚಿದಾಗ ಏನು ಮಾಡಲಿ? ಇವತ್ತಿನದು ನನಗೆ ಒಂದಿಷ್ಟೂ ತಿಳಿದಿಲ್ಲವಲ್ಲ."

ಗುರು ಎದ್ದು ಬಟ್ಟೆಯ ನೀರು ಹಿಂಡಿದರು.

"ಇವತ್ತಿನದು ನಾಳೆ ಬರುವ ಅಲೆಗೂ ತಿಳಿದಿರುವುದಿಲ್ಲ, ಭಾಗಿ."