ಬಾಗಿಲಿಗೆ ತೂಗಿದ ನರಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಕಣ್ಣಾರೆ ಕಂಡದ್ದನ್ನು ಹೇಳಿದರೂ ಊರು ನಂಬದಿದ್ದರೆ ಅದನ್ನು ಒಪ್ಪಿಸುವುದು ಹೇಗೆ?”

ಗುರುಗಳು ಹೇಳಿದರು:

ಒಂದು ಕುರಿಹಟ್ಟಿ. ಅಲ್ಲಿ ಕೊಂದ ನರಿಯನ್ನು ದೊಡ್ಡಿಯ ಬಾಗಿಲಿಗೆ ತೂಗುಹಾಕುತ್ತಿದ್ದರು. ಮಿಕ್ಕ ನರಿಗಳು ಕಂಡು ಹೆದರಲಿ ಎಂದು. ಹಿರಿಯರು ಮಾಡಿದ ಕಟ್ಟಳೆ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ವರ್ಷ ನರಿಗಳು ತೀರ ಸುಲಭವಾಗಿ ಸಿಕ್ಕವು. ಓಡಲಾರದೆ ತೂರಾಡುತ್ತಿದ್ದವು. ಹಟ್ಟಿಯ ಯಜಮಾನ ಅದನ್ನು ತನ್ನ ಕೈಗುಣವೆಂದುಕೊಂಡ. ಬಾಗಿಲಿಗೊಂದು ನರಿ ತೂಗಿತು. ಅದರ ಬೆನ್ನಿಗೇ ನಾಯಿಗಳು ಕೂಳು ಬಿಟ್ಟವು. ವಸಡು ಬಿಳಿಚಿತು, ಉಚ್ಚೆ ಕೆಂಪಾಯಿತು. ಒಂದೊಂದಾಗಿ ಸಾಯತೊಡಗಿದವು. ನಾಯಿ ಸತ್ತ ದೊಡ್ಡಿಗೆ ತೋಳ ನುಗ್ಗಿತು.

“ಇದು ನರಿಗಳ ಸೇಡು. ಇನ್ನಷ್ಟು ಕೊಂದು ತೂಗಿ,” ಎಂದ ಯಜಮಾನ.

ಆ ಹಟ್ಟಿಯಲ್ಲಿ ಗಂಡ ಸತ್ತ ಹೆಂಗಸೊಬ್ಬಳಿದ್ದಳು. ಅವಳಿಗಿದ್ದದ್ದು ಒಂದು ಸಣ್ಣ ಮಂದೆ, ಅದನ್ನು ಕಾಯಲು ಒಂದು ಹೆಣ್ಣುನಾಯಿ. ನಾಯಿ ಹೋದರೆ ಮಂದೆ ಹೋಯಿತು. ಮಂದೆ ಹೋದರೆ ಕಂಡವರ ಮನೆಯ ಮುಸುರೆಯೇ ಗತಿ. ಸೇಡು, ಶಾಪ ಅವಳ ತಲೆಗೆ ಹತ್ತಲಿಲ್ಲ. ಯಜಮಾನ ಕಳಿಸಿದ ನರಿ ಅವಳ ಬಾಗಿಲಲ್ಲೂ ತೂಗುತ್ತಿತ್ತು. ಹತ್ತಿರ ಹೋಗಿ ದಿಟ್ಟಿಸಿದಳು. ಹೆಣ ತಣ್ಣಗಾದಂತೆ ರೋಮದೊಳಗಿಂದ ಉಣುಗು ಹುಳಗಳು ಹೊರಬಿದ್ದು ಕಂಬ ಹಿಡಿದು ಇಳಿಯುತ್ತಿದ್ದವು. ಕಂಬದ ನೆರಳಿನಲ್ಲಿ ಅವಳ ನಾಯಿ ಮಲಗಿತ್ತು. ನರಿಯ ರಕ್ತ ಕುಡಿದ ಬಾಯಿ ಈಗ ನಾಯಿಯ ಕಿವಿಯನ್ನು ಕಚ್ಚುತ್ತಿತ್ತು.

ಅವಳು ನರಿಯನ್ನು ಇಳಿಸಿ ಅಲ್ಲೇ ಸುಟ್ಟಳು. ನಾಯಿಯ ಮೈಯೆಲ್ಲ ತಡವಿ, ಸಿಕ್ಕ ಉಣುಗನ್ನೆಲ್ಲ ಕಿತ್ತು ಕೆಂಡಕ್ಕೆ ಹಾಕಿದಳು.

ಹೊಗೆ ಕಂಡು ಯಜಮಾನ ಬಂದ. “ಏನವ್ವಾ, ಕಟ್ಟಳೆಯನ್ನೇ ಸುಡುತ್ತೀಯಾ? ನರಿಗೆ ನೀನೇನು ನೆಂಟಳೋ?”

“ನೆಂಟಸ್ತಿಕೆ ನನ್ನದಲ್ಲಣ್ಣಾ, ನಿಮ್ಮ ನಾಯಿಯದು. ನರಿಯ ಜಡ್ಡೇ ಅದಕ್ಕೂ ಹತ್ತಿದೆ. ನಿಮ್ಮ ಬಾಗಿಲಲ್ಲೂ ಉಣುಗು ಇಳೀತಿದೆ, ಹೋಗಿ ನೋಡಿ.”

“ಹುಳ ನೋಡೋಕೇನು ನಾನು ಯಜಮಾನನಾಗಿರೋದು? ನಾಳೆಯೊಳಗೆ ನರಿ ತೂಗದಿದ್ದರೆ ನಿನ್ನ ಮಂದೆ ಹಟ್ಟಿಯಲ್ಲಿ ನಿಲ್ಲೋ ಹಾಗಿಲ್ಲ.”

“ನಾಳೆಯವರೆಗೆ ಯಾಕೆ ಕಾಯ್ತೀರಿ?” ಎಂದವಳೇ ತನ್ನ ದೊಡ್ಡಿಯ ಬೇಲಿ ಕಿತ್ತಳು. ನಾಯಿಯನ್ನು ಮುಂದೆ ಬಿಟ್ಟು, ಮಂದೆ ಹೊಡೆದುಕೊಂಡು, ಎಲ್ಲರ ಎದುರಿಗೇ ಗುಡ್ಡದಾಚೆಗೆ ನಡೆದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹಟ್ಟಿಯಲ್ಲಿ ಬೊಗಳುವ ದನಿಯೇ ಉಳಿಯಲಿಲ್ಲ. ಗುಡ್ಡದಾಚೆ ಅವಳ ನಾಯಿ ಮರಿ ಹಾಕಿತ್ತು. ಹಟ್ಟಿಯವರು ಮರಿ ಕೇಳಿಕೊಂಡು ಬಂದರು. ಯಜಮಾನನೇ ಮುಂದಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: “ಆಗಲಾದರೂ ಅವಳು ಹೇಳಿದ್ದನ್ನು ಅವರು ಒಪ್ಪಿಕೊಂಡರೇ?”

“ಒಪ್ಪಿಗೆಯನ್ನು ಅವಳು ಕೇಳಲೇ ಇಲ್ಲವಲ್ಲ, ನರಿ ತೂಗುವ ಬಾಗಿಲಿಗೆ ಮರಿ ಕೊಡುವುದಿಲ್ಲ ಎಂದಳು, ಅಷ್ಟೆ.”