ಕೋಗಿಲೆಗೂ ಮೇಳಕ್ಕೂ ಪೈಪೋಟಿ

“ಮಹಾಪ್ರಭು, ನಮ್ಮಿಬ್ಬರ ಮೇಳವನ್ನೂ ಒಂದು ಮಾಡಿಬಿಡಿ. ಆಮೇಲೆ ದೇವಲೋಕದ ಗಂಧರ್ವರು ನಮ್ಮ ಹತ್ತಿರ ಪಾಠಕ್ಕೆ ಬರದಿದ್ದರೆ ಕೇಳಿ!”

ಕೆಂಗಿರಿಯ ಅರಸ ಮಾರಭೂಪನ ಒಡ್ಡೋಲಗದಲ್ಲಿ ಹೀಗೆ ಎದೆ ತಟ್ಟಿಕೊಂಡವನು ಜಕ್ಕಣ್ಣ. ಪಕ್ಕದಲ್ಲಿ ನಿಂತು ಹೌದೌದೆಂದು ತಲೆಯಾಡಿಸುತ್ತಿದ್ದವನು ಓಬಯ್ಯ. ಹೋದ ವಾರದ ತನಕ ಒಬ್ಬನ ನೆರಳು ಕಂಡರೆ ಇನ್ನೊಬ್ಬನಿಗೆ ಆಗುತ್ತಿರಲಿಲ್ಲ. ಈಗ ಇಬ್ಬರೂ ಒಂದೇ ಶಾಲು ಹೊದ್ದುಕೊಂಡು ಬಂದಿದ್ದರು.

ಕೆಂಗಿರಿ ನೇಕಾರರ ಪಟ್ಟಣ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತವರು ಬೆಳಗಿನಿಂದ ಸಂಜೆಯ ತನಕ ಏಳುವಂತಿಲ್ಲ. ಕೈಗೆ ಬಿಡುವಿಲ್ಲ, ಕಣ್ಣಿಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಕಿವಿ ತುಂಬಿಸುವುದೇ ಈ ಇಬ್ಬರ ಕಸುಬು. ಎರಡು ಮೇಳಗಳೂ ಮನೆಮನೆಯ ಜಗಲಿಯಲ್ಲಿ ಕೂತು ಹಾಡುತ್ತಿದ್ದವು, ಕತೆ ಹೇಳುತ್ತಿದ್ದವು, ಯಾವ ಸಂತೆಯಲ್ಲಿ ನೂಲಿನ ಧಾರಣೆ ಎಷ್ಟು, ಯಾವ ಹೊಳೆ ತುಂಬಿ ದಾರಿ ಕಟ್ಟಿದೆ ಎಂದು ಸುದ್ದಿ ಸಾರುತ್ತಿದ್ದವು. ಕೇಳಿದ ಮನೆಯವರು ತಿಂಗಳಿಗೊಂದು ಬಳ್ಳ ರಾಗಿ ಕೊಡುತ್ತಿದ್ದರು.

ಮೇಳ ಕಟ್ಟಲು ಅಪ್ಪಣೆ ಕೊಟ್ಟ ಹಿಂದಿನ ಅರಸರು ಜಾಣರು. ಎರಡೂ ಮೇಳ ಎಂದೆಂದಿಗೂ ಬೇರೆ ಬೇರೆಯಾಗಿಯೇ ಇರತಕ್ಕದ್ದು ಎಂದು ತಾಮ್ರದ ಹಾಳೆಯ ಮೇಲೆ ಕೆತ್ತಿಸಿಟ್ಟಿದ್ದರು. ಅದನ್ನು ಅಳಿಸಿ ಎಂದು ಕೇಳಲೇ ಈಗ ಜೋಡಿ ಬಂದಿತ್ತು.

“ಒಂದಾದ ಮೇಲೆ ರಾಗಿ ಹೆಚ್ಚಿಗೆ ಕೇಳುವುದಿಲ್ಲವೇನು?” ಎಂದ ಅರಸ.

“ಕೇಳುವುದಾದರೂ ಹೇಗೆ, ಪ್ರಭು?” ಓಬಯ್ಯ ಕೈಮುಗಿದ. “ನಮಗೆ ಪೈಪೋಟಿಗೇನು ಕಡಿಮೆಯೇ? ಮರದಲ್ಲಿ ಕೋಗಿಲೆ ಇದೆ. ಹಿತ್ತಿಲಲ್ಲಿ ಬೀಸುವ ಕಲ್ಲಿನ ಪದ ಇದೆ. ಗುಡಿಯ ಗಂಟೆ ಇದೆ. ಎಲ್ಲವೂ ಪುಕ್ಕಟೆ. ನಾವು ಒಂದು ಹಿಡಿ ರಾಗಿ ಹೆಚ್ಚಿಗೆ ಕೇಳಿದರೆ ಜನ ಕೋಗಿಲೆಯ ಕಡೆ ತಿರುಗುತ್ತಾರೆ.”

ಪ್ರಧಾನಿ ಗಂಗಯ್ಯನವರಿಗೆ ಈ ವಾದ ತುಂಬಾ ಹಿಡಿಸಿತು. “ಒಪ್ಪಿಬಿಡಿ, ಪ್ರಭು. ಎರಡು ಮೇಳವಿದ್ದರೆ ಎರಡು ಗದ್ದಲ. ಒಂದಾದರೆ ಒಂದೇ ಗದ್ದಲ.”

ಅರಸ ಕೇತರಸನ ಕಡೆ ನೋಡಿದ. ಆಸ್ಥಾನದಲ್ಲಿ ಕೇತರಸನಿಗೆ ಇಂಥದೇ ಕೆಲಸವೆಂದು ಇರಲಿಲ್ಲ. ಪ್ರಧಾನಿಗಳು ಹೇಳಿದ್ದಕ್ಕೆ ಅಲ್ಲ ಎನ್ನುವುದನ್ನೇ ಅವನು ಕೆಲಸ ಮಾಡಿಕೊಂಡಿದ್ದ.

“ನಾಳೆ ಹೇಳುತ್ತೇನೆ, ಪ್ರಭು. ಕಿವಿಯಿರುವವರನ್ನು ಒಂದು ಮಾತು ಕೇಳಿ ಬರಬೇಕು” ಎಂದು ಕೇತರಸ ಹೊರಟ.

ನೇಕಾರರ ಕೇರಿಯ ಮೊದಲ ಮನೆ ನೀಲವ್ವನದು. ಗಂಡ ಸತ್ತ ಮೇಲೆ ಮಗ್ಗಕ್ಕೆ ಕೂತ ಹೆಂಗಸು. ಲಾಳಿ ನಿಲ್ಲಿಸದೆಯೇ ಮಾತಾಡಿದಳು.

“ಹೋದ ವರ್ಷ ಜಕ್ಕಣ್ಣ ಒಂದೂವರೆ ಬಳ್ಳ ಕೇಳಿದ, ಸ್ವಾಮಿ. ಹಾಡಿದ್ದನ್ನೇ ಹಾಡುತ್ತಿದ್ದ ಬೇರೆ. ನಾಳೆಯಿಂದ ಓಬಯ್ಯನೇ ಬರಲಿ ಬಿಡು ಅಂದೆ. ಮಾರನೇ ದಿನ ಬೆಳಗ್ಗೆ ಜಕ್ಕಣ್ಣ ತಾನೇ ತಾಳ ಹಿಡಿದುಕೊಂಡು ಬಂದು ನಾಲ್ಕು ಹೊಸ ಪದ ಹಾಡಿದ. ಒಂದು ಬಳ್ಳಕ್ಕೇ ಇಳಿದ.”

“ಇಬ್ಬರೂ ಒಂದಾದರೆ?”

ಲಾಳಿ ನಿಂತಿತು. “ಆಗ ಯಾರ ಹೆಸರು ಹೇಳಿ ಹೆದರಿಸಲಿ? ಹಾಡು ಬೇಕಾದರೆ ಬಿಟ್ಟೇನು. ಧಾರಣೆ ತಿಳಿಯದಿದ್ದರೆ ನೂಲಿನ ಸಾಹುಕಾರ ನನ್ನ ಕತ್ತು ಕುಯ್ಯುತ್ತಾನೆ.”

ಅಲ್ಲಿಂದ ವಾಪಸು ಬರುವಾಗ ಕೇತರಸನ ಮುಖದಲ್ಲಿ ಎಂದಿನ ನಗೆ ಇರಲಿಲ್ಲ.

ಮಾರನೇ ದಿನ ಸಭೆಯಲ್ಲಿ ಅವನು ಎದ್ದು ನಿಂತ. “ಪ್ರಭು, ಮೇಳದವರ ಮಾತು ನೂರಕ್ಕೆ ನೂರು ಸರಿ.”

ಪ್ರಧಾನಿಗಳಿಗೆ ಗಾಬರಿಯಾಯಿತು. ಕೇತರಸ ಮುಂದುವರಿಸಿದ. “ಕೋಗಿಲೆ ಇವರಿಗೆ ಸರಿಸಮವಂತೆ. ಹಾಗಿದ್ದಮೇಲೆ ಈ ಯುಗಾದಿಯ ಆಸ್ಥಾನ ಗೌರವ ಕೋಗಿಲೆಗೆ ಸಲ್ಲಲಿ. ಶಾಲು ಹೊದಿಸುವುದು ಸ್ವಲ್ಪ ಕಷ್ಟ, ಮರಕ್ಕೆ ಕಟ್ಟಿದರಾಯಿತು. ಇನ್ನು ಒಂದು ತಿಂಗಳು ಮೇಳದವರಿಗೆ ವಿಶ್ರಾಂತಿ. ಕೇರಿಯಲ್ಲಿ ಕೋಗಿಲೆ, ಬೀಸುವ ಕಲ್ಲು, ಗಂಟೆ ಇವೇ ಕೆಲಸ ನೋಡಿಕೊಳ್ಳಲಿ.”

“ಹಾಗೇ ಆಗಲಿ” ಎಂದ ಅರಸ.

“ಎಲ್ಲಾದರೂ ಉಂಟೇ!” ಜಕ್ಕಣ್ಣ ಕೂಗಿಕೊಂಡ. “ಪ್ರಭು, ಕೋಗಿಲೆ ಎಂಬುದು ಹಕ್ಕಿ! ಅದು ಕತೆ ಹೇಳುತ್ತದೆಯೇ?”

“ಹೇಳುವುದಿಲ್ಲವೇ?” ಕೇತರಸ ಕೇಳಿದ.

“ಕೂ ಅನ್ನುತ್ತದೆ, ಅಷ್ಟೇ! ವರ್ಷದಲ್ಲಿ ಎರಡು ತಿಂಗಳು!”

“ಬೀಸುವ ಕಲ್ಲು?”

“ಅದಕ್ಕೆ ನೂಲಿನ ಧಾರಣೆ ಗೊತ್ತೇ?” ಓಬಯ್ಯನಿಗೂ ಮೈಯೆಲ್ಲ ಉರಿದಿತ್ತು. “ಹೊಳೆ ತುಂಬಿದ್ದು ಗಂಟೆಗೆ ಗೊತ್ತೇ? ಅದನ್ನೆಲ್ಲ ಹೇಳುವವರು ಈ ಕೆಂಗಿರಿಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಇನ್ನೊಬ್ಬ ಗಂಡು ಹುಟ್ಟಿಲ್ಲ!”



“ನಿಮ್ಮಿಬ್ಬರನ್ನು ಬಿಟ್ಟರೆ ಇಲ್ಲ” ಎಂದ ಕೇತರಸ ಮೆಲ್ಲಗೆ. “ಇಬ್ಬರೂ ಒಂದಾದರೆ, ಒಬ್ಬನನ್ನು ಬಿಟ್ಟರೆ ಇಲ್ಲ. ಅಲ್ಲವೇ, ಓಬಯ್ಯ?”

ಜಕ್ಕಣ್ಣ ಶಾಲಿನ ತನ್ನ ಕಡೆಯ ಅಂಚನ್ನು ಬಿಟ್ಟುಬಿಟ್ಟ.

ಮೇಳದವರ ವಿಶ್ರಾಂತಿ ರದ್ದು, ತಾಮ್ರದ ಹಾಳೆ ಇದ್ದ ಹಾಗೇ ಇರಲಿ ಎಂದು ಅಪ್ಪಣೆಯಾಯಿತು. ಜೋಡಿ ಮೆಟ್ಟಿಲಿಳಿಯುವಷ್ಟರಲ್ಲೇ ಯಾರ ಶ್ರುತಿ ಕೆಟ್ಟದ್ದು ಎಂದು ಜಗಳ ಶುರುವಾಗಿತ್ತು.

ಅರಸನಿಗೆ ಖುಷಿಯಾಗಿತ್ತು, ಕೇತರಸನನ್ನು ಕೆಣಕಬೇಕೆನಿಸಿತು. “ಅಲ್ಲಯ್ಯಾ, ಪ್ರಧಾನಿಗಳು ಹೌದೆಂದರೆ ನೀನು ಅಲ್ಲ ಅನ್ನುತ್ತೀಯ. ನನಗೂ ಎರಡು ಬುದ್ಧಿವಾದ ಕೇಳಿ ಕೇಳಿ ಸಾಕಾಗಿದೆ. ನಿಮ್ಮಿಬ್ಬರ ಪದವಿಯನ್ನೂ ಸೇರಿಸಿ ನಿನಗೊಬ್ಬನಿಗೇ ಕೊಟ್ಟುಬಿಡಲೇ?”

ಪ್ರಧಾನಿಗಳ ಮುಖ ಸುಣ್ಣವಾಯಿತು.

“ಕೊಡಬಹುದು, ಪ್ರಭು” ಎಂದ ಕೇತರಸ. “ಆದರೆ ನಾನು ದಡ್ಡತನದ ಮಾತು ಆಡಿದ ದಿನ, ಇದು ದಡ್ಡತನ ಎಂದು ತಮಗೆ ಹೇಳುವವರು ಯಾರು?”

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳಲ್ಲಿದ್ದ ಮುತ್ತಿನ ಸರ ತೆಗೆದು ಕೇತರಸನಿಗೆ ಹಾಕಿದ.

ಪ್ರಧಾನಿ ಗಂಗಯ್ಯನವರು ಎದ್ದು ನಿಂತರು. ಹನ್ನೆರಡು ವರ್ಷದ ಚಾಕರಿಯಲ್ಲಿ ಕೇತರಸ ಆಡಿದ ಮಾತಿಗೆ ತಮ್ಮ ಪೂರ್ಣ ಒಪ್ಪಿಗೆಯಿದೆ ಎಂದು ಅವರು ಹೇಳಿದ್ದು ಅದೇ ಮೊದಲು.